ವಾಷಿಂಗ್ ಮಷೀನ್‌ನಿಂದ ಮುಗ್ಗುಲು ವಾಸನೆ, ಎಲ್ಲಾ ಹಾಕಿ ಸೋತೆ. ಕಲಬುರಗಿ ಕಡೆಯವರು ದಾರಿ ಹೇಳಿ

ತೊಗರಿಬೇಳೆ (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಮನೆ ಸೇಡಂ ರೋಡ್ ಕಡೆ. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮಷೀನ್, 7 ಕೇಜಿಯದು. ತಗೊಂಡು ನಾಲ್ಕು ವರ್ಷ ಆಯ್ತು. ಹೋದ ಮಳೆಗಾಲದಿಂದ ಒಂದು ಕಾಟ ಶುರುವಾಗಿದೆ. ಬಾಗಿಲು ತೆಗೆದರೆ ಸಾಕು, ಒದ್ದೆ ಗೋಣಿಚೀಲ ಮೂಲೆಯಲ್ಲಿ ಮರೆತು ಬಿಟ್ಟಂಥ ವಾಸನೆ.

ಬಟ್ಟೆ ಒಣಗಿ ಮಡಚಿಟ್ಟಾಗ ಏನೂ ಗೊತ್ತಾಗಲ್ಲ. ಮೈಮೇಲೆ ಹಾಕಿಕೊಂಡು ಸ್ವಲ್ಪ ಬೆವರಿದರೆ ಮತ್ತೆ ಎದ್ದು ಬರುತ್ತೆ. ಟವೆಲ್ ಅಂತೂ ಮುಖಕ್ಕೆ ಹಿಡಿಯೋಕೆ ಆಗಲ್ಲ. ಮೊನ್ನೆ ನಮ್ಮ ಮಾವನವರು ಧೋತರ ಕೈಯಲ್ಲಿ ಹಿಡಿದು, "ಇದು ಒಗೆದದ್ದೋ, ಒಗೆಯಬೇಕಾದದ್ದೋ?" ಅಂತ ಕೇಳಿದರು. ಅವರು ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ನಿಂಬೆಹಣ್ಣು ಹಿಂಡಿ ಹಾಕಿದೆ. ಅಡುಗೆ ಸೋಡಾ, ವಿನೆಗರ್ ಎರಡೂ ಸೇರಿಸಿ ಹಾಕಿದೆ. ಘಮಘಮ ಅನ್ನೋ ಲಿಕ್ವಿಡ್ ಡಬಲ್ ಹಾಕಿದೆ. ಸರ್ವಿಸ್‌ನವರು ಬಂದು ಒಂದು ಪುಡಿ ಪ್ಯಾಕೆಟ್ ಸುರಿದು, ಖಾಲಿ ಓಡಿಸಿ, ದುಡ್ಡು ತಗೊಂಡು ಹೋದರು. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಮತ್ತೆ ಅದೇ ಗೋಣಿಚೀಲ.

ನೀರು ಬೋರ್‌ದು. ಬಕೆಟ್ ಒಣಗಿದರೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತೆ. ಮಷೀನ್ ಮಾರಿಬಿಡಿ ಅಂತ ಮಾತ್ರ ಹೇಳಬೇಡಿ, ಅದನ್ನು ನಮ್ಮ ಮನೆಯವರು ಆಗಲೇ ಹೇಳಿದ್ದಾರೆ.

ಬಿಸಿಲೂರು

ಅಕ್ಕಾ, ಕಲಬುರಗಿಯಲ್ಲಿ ಮುಗ್ಗುಲು ವಾಸನೆ ಅಂದರೆ ನಂಬೋಕೆ ಆಗ್ತಿಲ್ಲ. ಇಲ್ಲಿ ಮೇ ತಿಂಗಳಲ್ಲಿ ಮನುಷ್ಯರೇ ಸಂಡಿಗೆ ಥರ ಒಣಗುತ್ತೇವೆ!

ಜೋಕ್ ಸಾಕು. ನನಗೆ ಗೊತ್ತಿರೋದು ಒಂದೇ. ಬಟ್ಟೆ ಬಿಳಿ ಮಾಡೋ ಬ್ಲೀಚ್ ಒಂದು ಲೋಟ, ವಿನೆಗರ್ ಒಂದು ಲೋಟ, ಎರಡೂ ಹಾಕಿ ಬಿಸಿ ನೀರಲ್ಲಿ ಓಡಿಸಿ. ಎಂಥಾ ವಾಸನೆ ಇದ್ದರೂ ಓಡಿಹೋಗುತ್ತೆ.

ಲ್ಯಾಬ್ ಕೋಟು

ತಂಗೀ, ಮೇಲಿನವರು ಹೇಳಿದ್ದನ್ನು ಮಾಡಬೇಡಿ. ಬಿಸಿಲೂರು, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಆ ಮಾತು ತಿದ್ದಲೇಬೇಕು. ಬ್ಲೀಚ್‌ಗೆ ವಿನೆಗರ್ ಆಗಲಿ, ನಿಂಬೆ ಆಗಲಿ, ಬಾತ್‌ರೂಮ್ ಆಸಿಡ್ ಆಗಲಿ ಸೇರಿದರೆ ಕ್ಲೋರಿನ್ ಗಾಳಿ ಹುಟ್ಟುತ್ತೆ. ಕಣ್ಣು ಉರಿಯುತ್ತೆ, ಗಂಟಲು ಕಟ್ಟುತ್ತೆ, ಸಣ್ಣ ಬಚ್ಚಲಲ್ಲಾದರೆ ಆಸ್ಪತ್ರೆಗೂ ಹೋಗಬೇಕಾಗುತ್ತೆ. ನಾನು ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವನು. ಲ್ಯಾಬಲ್ಲಿ ಇದನ್ನು ಕಿಟಕಿ ತೆಗೆದೇ ಮಾಡುತ್ತಿದ್ದೆವು.

ಇನ್ನು ಅಡುಗೆ ಸೋಡಾ ಜೊತೆ ವಿನೆಗರ್. ಅದರಿಂದ ಅಪಾಯ ಇಲ್ಲ, ಉಪಯೋಗವೂ ಇಲ್ಲ. ಬುಸ್ ಅಂತ ನೊರೆ ಬರುತ್ತೆ, ನೋಡೋಕೆ ಚಂದ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದನ್ನೊಂದು ತಿಂದು ಕೊನೆಗೆ ಉಳಿಯೋದು ಉಪ್ಪುಪ್ಪು ನೀರು. ಬೇರೆ ಬೇರೆ ಹಾಕಿದ್ದರೆ ಒಂಚೂರಾದರೂ ಕೆಲಸ ಆಗುತ್ತಿತ್ತು.

ಬಿಸಿಲೂರು

ಸಾರಿ ಸರ್. ಎಲ್ಲೋ ವಿಡಿಯೋದಲ್ಲಿ ನೋಡಿದ್ದು. ನಾನು ಮಾಡಿ ನೋಡಿಲ್ಲ, ಸದ್ಯ.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಅಕ್ಕಾ, ನಾನು ಇದೇ ಕೆಲಸ ಮಾಡೋನು. ಮೊದಲು ನಾಲ್ಕು ಮಾತು ಕೇಳ್ತೀನಿ, ಆಮೇಲೆ ಹೇಳ್ತೀನಿ.

ಒಗೆದಾದ ಮೇಲೆ ಬಾಗಿಲು ಮುಚ್ಚಿಡ್ತೀರಾ, ತೆಗೆದಿಡ್ತೀರಾ? ಎಷ್ಟು ಬಿಸಿಯಲ್ಲಿ ಒಗೀತೀರಿ? ಒಗೆಯೋ ಪುಡಿ ಎಷ್ಟು ಹಾಕ್ತೀರಿ, ಮಷೀನ್‌ದೋ, ಬಕೆಟ್‌ನಲ್ಲಿ ನೆನೆಸಿ ಕೈಯಲ್ಲಿ ಒಗೆಯೋ ಬಕೆಟ್‌ದೋ? ಕೆಳಗಿನ ಫಿಲ್ಟರ್ ಕೊನೆ ಸಲ ಯಾವಾಗ ತೆಗೆದಿದ್ರಿ?

ತೊಗರಿಬೇಳೆ (ಕಲಬುರಗಿ)

ಅಣ್ಣಾ, ಬಾಗಿಲು ಗಟ್ಟಿ ಮುಚ್ಚಿಡ್ತೀನಿ. ಒಂದು ಸಲ ತೆಗೆದಿಟ್ಟಾಗ ಹಲ್ಲಿ ಒಳಗೆ ಹೋಗಿತ್ತು. ಮುಂದಿನದು ಹೇಳಲ್ಲ, ನೀವೇ ಊಹಿಸಿಕೊಳ್ಳಿ. ಅದೂ ಅಲ್ಲದೆ ರೋಡಿನ ಧೂಳು.

ಬಿಸಿ ಹಾಕಲ್ಲ. 15 ನಿಮಿಷದ ಕ್ವಿಕ್ ವಾಶ್, ತಣ್ಣೀರು. ಕರೆಂಟ್ ಬಿಲ್ ಉಳಿಯುತ್ತೆ ಅಂತ. ಪುಡಿ ಬಕೆಟ್‌ದೇ, ಎರಡು ಅಳತೆ ಕಪ್. ಬೋರ್ ನೀರಿಗೆ ನೊರೆನೇ ಬರಲ್ಲ, ಅದಕ್ಕೆ ಜಾಸ್ತಿ ಹಾಕ್ತೀನಿ.

ಫಿಲ್ಟರ್ ಅಂದರೆ? ಮಷೀನ್‌ಗೆ ಫಿಲ್ಟರ್ ಇರುತ್ತಾ?

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ನಾಲ್ಕು ಪ್ರಶ್ನೆ ಕೇಳಿದೆ, ನಾಲ್ಕಕ್ಕೂ ಉತ್ತರ ಸಿಕ್ಕಿತು. 😄 ಹತ್ತು ಮನೆಗೆ ಹೋದರೆ ಎಂಟು ಮನೆಯಲ್ಲಿ ಇದೇ ಕಥೆ, ನೀವೇನೂ ನಾಚಿಕೊಳ್ಳಬೇಡಿ. ಇನ್ನು ಮೇಲೆ ಒಗೆದಾದ ಮೇಲೆ ಬಾಗಿಲು ತೆಗೆದಿಡಿ, ಒಳಗೆ ಒಣಗಲಿ.

ಮಷೀನ್ ಮುಂದೆ ಕೆಳಗಡೆ ಬಲಕ್ಕೋ ಎಡಕ್ಕೋ ಒಂದು ಸಣ್ಣ ಮುಚ್ಚಳ ಇದೆ ನೋಡಿ, ಅಂಗೈ ಅಷ್ಟಗಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಅದನ್ನು ತೆಗೆಯಿರಿ. ಒಳಗೆ ದುಂಡನೆ ತಿರುಪು ಇರುತ್ತೆ. ಪಕ್ಕದಲ್ಲಿ ಹೆಚ್ಚಿನ ಮಷೀನ್‌ಗಳಲ್ಲಿ ಸಣ್ಣ ರಬ್ಬರ್ ಪೈಪ್ ಕೂಡ ಇರುತ್ತೆ. ಕೆಳಗೆ ಹಿಟ್ಟು ನಾದುವ ಪರಾತ ಇಡಿ, ಬಕೆಟ್ ಆ ಜಾಗಕ್ಕೆ ಹಿಡಿಯಲ್ಲ. ಮೊದಲು ಪೈಪಿನ ಬಿರಡೆ ತೆಗೆದು ನೀರು ಬಿಡಿ. ಪರಾತ ಎರಡು ಮೂರು ಸಲ ಚೆಲ್ಲಬೇಕಾಗುತ್ತೆ. ನೀರು ನಿಂತ ಮೇಲೆ ತಿರುಪನ್ನು ಎಡಕ್ಕೆ ನಿಧಾನ ತಿರುವಿ ಎಳೆಯಿರಿ. ಬಿಸಿ ನೀರಲ್ಲಿ ಒಗೆದ ಕೂಡಲೇ ಮಾಡಬೇಡಿ, ಕಾಲು ಸುಟ್ಟುಕೊಳ್ತೀರಿ. ನನ್ನ ಜೊತೆ ಕೆಲಸ ಕಲಿಯೋ ಹುಡುಗ ಒಮ್ಮೆ ಸುಟ್ಟುಕೊಂಡಿದ್ದ.

ಎರಡನೆಯದು ಬಾಗಿಲಿನ ಸುತ್ತ ಇರೋ ರಬ್ಬರ್. ಬೆರಳು ಹಾಕಿ ಕೆಳಗಿನ ಮಡಿಕೆ ಬಿಡಿಸಿ ನೋಡಿ. ಅಲ್ಲಿ ನೀರು ಇಳಿಯೋಕೆ ಸಣ್ಣ ತೂತು ಇರುತ್ತವೆ. ಕೂದಲು, ದಾರ ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಲೋಳೆ ಆಗುತ್ತೆ. ಹಳೇ ಟೂತ್‌ಬ್ರಶ್ ತಗೊಳ್ಳಿ. ಚಾಕು, ತಂತಿ ಬೇಡ, ರಬ್ಬರ್ ಹರಿದರೆ ಅದರ ಖರ್ಚೇ ಬೇರೆ.

ಮೂರನೆಯದು ಪುಡಿ ಹಾಕೋ ಡ್ರಾಯರ್. ನಡುವೆ ಒತ್ತಿ ಎಳೆದರೆ ಪೂರ್ತಿ ಹೊರಗೆ ಬರುತ್ತೆ. ಡ್ರಾಯರ್ ತೊಳೆಯೋದು ಎಲ್ಲರಿಗೂ ಗೊತ್ತು. ಅದು ಕೂರುವ ಗೂಡಿನ ಮೇಲ್ಭಾಗ ಯಾರೂ ನೋಡಲ್ಲ. ಟಾರ್ಚ್ ಹಿಡಿದು ಕತ್ತು ಬಗ್ಗಿಸಿ ನೋಡಿ. ಕಪ್ಪು ಬೂಷ್ಟು ಅಲ್ಲಿಂದಲೇ ಪ್ರತಿ ಸಲ ಬಟ್ಟೆ ಮೇಲೆ ಇಳಿಯುತ್ತಿರುತ್ತೆ.

ಇದೆಲ್ಲ ಆಗದೆ ಪುಡಿ ಪ್ಯಾಕೆಟ್ ಹಾಕಿದರೆ, ಬಾಯಿ ತೊಳೆಯದೆ ಏಲಕ್ಕಿ ಜಗಿದ ಹಾಗೆ.

ಕೋಟೆ ಬೀದರ್

ಏಲಕ್ಕಿ ಮಾತು ಭಾರಿ ಹೇಳಿದ್ರಿ ಅಣ್ಣಾ. ನಮ್ಮದು ಮೇಲಿಂದ ಬಟ್ಟೆ ಹಾಕೋ ಟಾಪ್ ಲೋಡ್. ಅದಕ್ಕೂ ಇದೇ ವಾಸನೆ. ಬೀದರ್‌ನಲ್ಲಿ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಮೂರು ದಿನ ಒಣಗಲ್ಲ. ಮಷೀನ್ ತಪ್ಪೋ ಮಳೆ ತಪ್ಪೋ ಗೊತ್ತೇ ಆಗಲ್ಲ. ನಮ್ಮದಕ್ಕೆ ಕೆಳಗೆ ಮುಚ್ಚಳ ಇಲ್ಲ. ಎಲ್ಲಿಂದ ಶುರು ಮಾಡಲಿ?

ಲ್ಯಾಬ್ ಕೋಟು

ಬೀದರ್‌ನವರಿಗೆ ಸ್ಕ್ರೂಡ್ರೈವರ್ ಹೇಳ್ತಾರೆ. ಅಷ್ಟರಲ್ಲಿ ನಾನು ಈ ವಾಸನೆ ಏನು ಅಂತ ಹೇಳಿಬಿಡ್ತೀನಿ, ಮೇಷ್ಟ್ರ ಚಟ.

ಒದ್ದೆ ಬಟ್ಟೆಯ ಮುಗ್ಗುಲು ವಾಸನೆಗೆ ಕಾರಣ ಹುಡುಕಿ ಜಪಾನಿನ ಸಂಶೋಧಕರು 2012ರಲ್ಲಿ ಒಂದು ಬ್ಯಾಕ್ಟೀರಿಯಾ ತೋರಿಸಿದರು, ಹೆಸರು ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್. ಬಟ್ಟೆಯಲ್ಲಿ ಉಳಿದ ಮೈಯ ಜಿಡ್ಡು ತಿಂದು ಅದು ಒಂದು ಆಮ್ಲ ಬಿಡುತ್ತೆ. ನಮ್ಮ ಮೂಗಿಗೆ ಹೊಡೆಯೋದು ಅದೇ. ಇದಕ್ಕೆ ಒಣಗಿದರೂ ಬಿಸಿಲು ಬಿದ್ದರೂ ತಡೆದುಕೊಳ್ಳೋ ಶಕ್ತಿ ಜಾಸ್ತಿ. ಅದಕ್ಕೇ ತಂಗಿಯ ಟವೆಲ್ ಒಣಗಿದಾಗ ಸುಮ್ನೆ ಇರುತ್ತೆ, ಒದ್ದೆ ಆದ ಕೂಡಲೇ ಮತ್ತೆ ನಾರುತ್ತೆ. ನಮ್ಮ ಬಿಸಿಲು ಎಲ್ಲವನ್ನೂ ಕೊಲ್ಲುತ್ತೆ ಅಂತ ನಾವು ಧೈರ್ಯವಾಗಿರ್ತೇವೆ. ಇದು ನಮ್ಮ ಬಿಸಿಲಿಗೂ ಸುಲಭಕ್ಕೆ ಜಗ್ಗಲ್ಲ.

ಈಗ ಬೋರ್ ನೀರಿನ ಮಾತು. ಸೇಡಂ, ವಾಡಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಯಾಕೆ ಬಂದವು? ನೆಲದಡಿ ಸುಣ್ಣದ ಕಲ್ಲು ಇದೆ, ಅದಕ್ಕೆ. ನಾವು ಕಾಲಿಡುವ ಶಾಬಾದಿ ಫರ್ಸಿಯೂ ಅದೇ ಸುಣ್ಣದ ಕಲ್ಲೇ. ಅಂಥ ಕಲ್ಲಿನ ಸಂದಿಯಲ್ಲಿ ನಿಂತ ನೀರನ್ನೇ ಈ ಕಡೆಯ ಎಷ್ಟೋ ಬೋರ್‌ಗಳು ಎತ್ತೋದು. ಸುಣ್ಣದ ಅಂಶಕ್ಕೆ ಸೋಪು ಸೇರಿದರೆ ನೊರೆ ಆಗಲ್ಲ, ಅಂಟಂಟು ಗಸಿ ಆಗುತ್ತೆ. ತಲೆಗೆ ಸೋಪು ಹಚ್ಚಿ ಬೋರ್ ನೀರು ಹಾಕಿಕೊಂಡರೆ ಕೂದಲು ಜಡೆ ಕಟ್ಟುತ್ತಲ್ವಾ, ಅದೇ. ಪುಡಿಯಲ್ಲಿ ಅದನ್ನು ತಡೆಯೋ ವಸ್ತು ಸ್ವಲ್ಪ ಇರುತ್ತೆ, ಆದರೆ ನೀರು ತೀರಾ ಗಡಸಾದರೆ ಸಾಲಲ್ಲ. ನೊರೆ ಬರಲಿಲ್ಲ ಅಂತ ನೀವು ಇನ್ನೊಂದು ಕಪ್ ಹಾಕ್ತೀರಿ. 15 ನಿಮಿಷದಲ್ಲಿ ಅಷ್ಟೂ ತೊಳೆದು ಹೋಗಲ್ಲ. ಉಳಿದದ್ದು ಡ್ರಮ್ಮಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಪದರ ಪದರ ಕೂರುತ್ತೆ. ಆ ಬ್ಯಾಕ್ಟೀರಿಯಾಕ್ಕೆ ನೀವೇ ಮನೆ ಕಟ್ಟಿಕೊಟ್ಟು ಊಟವನ್ನೂ ಹಾಕಿದ ಹಾಗೆ.

ಘಮಘಮ ಸಾಫ್ಟನರ್ ಕೂಡ ಅಂಥದ್ದೇ. ಬಟ್ಟೆ ಮೇಲೆ ಜಿಡ್ಡಿನ ತೆಳು ಪದರ ಕೂರಿಸೋದೇ ಅದರ ಕೆಲಸ. ಟವೆಲ್‌ಗೆ ಹಾಕಿದರೆ ನೀರು ಹೀರೋದೂ ಕಮ್ಮಿ ಆಗುತ್ತೆ. ಸದ್ಯಕ್ಕೆ ಅದನ್ನು ಪೂರ್ತಿ ನಿಲ್ಲಿಸಿ.

ತೊಗರಿಬೇಳೆ (ಕಲಬುರಗಿ)

ಫಿಲ್ಟರ್ ತೆಗೆದೆ.

ಹೇಗೆ ಹೇಳಲಿ. ಬಿರಡೆ ತೆಗೆದ ಕೂಡಲೇ ಬೂದು ಬಣ್ಣದ ನೀರು ಬಂತು, ಪರಾತ ನಾಲ್ಕು ಸಲ ತುಂಬಿತು. ನನ್ನ ಮಗ ಮೂಗು ಹಿಡಿದುಕೊಂಡು ಹೊರಗೆ ಓಡಿದ. ತಿರುಪು ಎಳೆದರೆ ಅದರ ಜೊತೆ ಬೂದು ಬಣ್ಣದ ಒಂದು ಉಂಡೆ ಬಂತು, ಒದ್ದೆ ಹತ್ತಿ ಹಾಗೆ, ಮುಟ್ಟಿದರೆ ಜಾರುತ್ತೆ. ಬಿಡಿಸಿ ನೋಡಿದೆ. ಎರಡು ರೂಪಾಯಿ ನಾಣ್ಯ ಎರಡು, ಕಪ್ಪಗಾಗಿದ್ದವು. ಹೇರ್‌ಪಿನ್ ಮೂರು. ಹುಣಸೆ ಬೀಜ ಒಂದು, ಚೌಕಾಬಾರಕ್ಕೆ ಇಟ್ಟುಕೊಂಡದ್ದು ಯಾರದೋ ಜೇಬಲ್ಲಿ ಉಳಿದಿತ್ತು. ಅಡಿಕೆ ಚೂರು ಹಿಡಿ ತುಂಬ. ಅಡಿಕೆ ಯಾರದು ಅಂತ ನಮ್ಮನೇಲಿ ಎಲ್ಲರಿಗೂ ಗೊತ್ತು. ಧೋತರ ಹಿಡಿದು ಪ್ರಶ್ನೆ ಕೇಳಿದವರೇ. 😂 ನಾನೇನೂ ಅನ್ನಲಿಲ್ಲ, ಅಡಿಕೆ ಚೂರು ಕಾಗದದ ಮೇಲೆ ಹರವಿ ಕಟ್ಟೆ ಮೇಲಿಟ್ಟೆ. ನೋಡಿ ನಕ್ಕು ಪೇಪರ್ ಓದೋಕೆ ಕೂತರು.

ರಬ್ಬರ್ ಮಡಿಕೆ ಒಳಗೆ ಮಗನ ಒಂದು ಸಾಕ್ಸ್ ಸಿಕ್ಕಿತು. ಅದರ ಜೋಡಿಯನ್ನು ಯುಗಾದಿಗೇ ಎಸೆದಿದ್ದೆ. ಡ್ರಾಯರ್ ಗೂಡಿನ ಮೇಲ್ಭಾಗ ಅಣ್ಣ ಹೇಳಿದ ಹಾಗೇ ಇತ್ತು, ಕಪ್ಪಗೆ. ಬ್ರಶ್ ಹಾಕಿ ಉಜ್ಜಿ ಕತ್ತು ಹಿಡಿದುಕೊಂಡಿದೆ.

ವಾಸನೆ ಅರ್ಧ ಕಮ್ಮಿ ಆಗಿದೆ. ಅರ್ಧ ಇನ್ನೂ ಇದೆ.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಶಭಾಷ್ ಅಕ್ಕಾ. ಉಳಿದ ಅರ್ಧ ಡ್ರಮ್ಮಿನ ಹಿಂದೆ ಇದೆ. ನಿಮಗೆ ಕಾಣೋ ಸ್ಟೀಲ್ ಡ್ರಮ್ ಒಳಗಿನದು. ಅದರ ಹೊರಗೆ ಪ್ಲಾಸ್ಟಿಕ್ ತೊಟ್ಟಿ ಇದೆ. ಇವೆರಡರ ನಡುವೆ ಕೈ ಹೋಗಲ್ಲ, ಬಿಸಿ ನೀರೇ ಹೋಗಬೇಕು.

ಬಟ್ಟೆ ಹಾಕದೆ, ನಿಮ್ಮ ಮಷೀನ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಸಿ ಯಾವುದೋ ಅದಕ್ಕೆ ಇಡಿ. ಕಾಟನ್ 90 ಇದ್ದರೆ 90, ಇಲ್ಲಾಂದರೆ 60. ಟಬ್ ಕ್ಲೀನ್ ಅಂತ ಬಟನ್ ಇದ್ದರೆ ಅದನ್ನೇ ಒತ್ತಿ. ಒಳಗೆ ಏನು ಹಾಕಬೇಕು ಅಂತ ಸರ್ ಹೇಳಲಿ.

ಬೀದರ್‌ನವರಿಗೆ: ನಿಮ್ಮ ಡ್ರಮ್ಮಿನ ಒಳಗೋಡೆಗೆ ಒಂದು ಜಾಳಿಗೆ ಚೀಲವೋ ಡಬ್ಬಿಯೋ ಇರುತ್ತೆ, ನೂಲು ಹಿಡಿಯೋದು. ಮೊದಲು ಅದನ್ನು ತೆಗೆದು ತೊಳೀರಿ. ಹರಿದಿದ್ದರೆ ಬೇರೆ ಹಾಕಿಸಿ. ಕೆಳಗೆ ತಿರುಗೋ ತಟ್ಟೆಗೆ ಪಲ್ಸೇಟರ್ ಅಂತಾರೆ. ನಡುವಿನ ಸ್ಕ್ರೂ ಬಿಚ್ಚಿದರೆ ಅದು ಮೇಲೆ ಬರುತ್ತೆ. ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ, ಆದರೆ ಪಕ್ಕದಲ್ಲೇ ನಿಂತು ನೋಡಿ. ಅದರ ಅಡಿ ಏನಿದೆ ಅಂತ ಒಮ್ಮೆ ನೋಡಿದರೆ ಆಮೇಲೆ ನೀವು ಎರಡು ಕಪ್ ಪುಡಿ ಹಾಕಲ್ಲ.

ಲ್ಯಾಬ್ ಕೋಟು

ಹಾಕಬೇಕಾದ್ದು ಸೋಡಿಯಂ ಪರ್‌ಕಾರ್ಬೊನೇಟ್. ಹೆಸರು ಉದ್ದ, ಸಾಮಾನು ಸಾದಾ. ಕಲೆ ತೆಗೆಯೋ 'ಆಕ್ಸಿ' ಪುಡಿಗಳಲ್ಲಿ ಇರೋದು ಬಹುತೇಕ ಇದೇ. ಪ್ಯಾಕೆಟ್ ಹಿಂದೆ ಓದಿ ನೋಡಿ. ನೀರಿಗೆ ಬಿದ್ದರೆ ಒಂದು ಕಡೆ ವಾಷಿಂಗ್ ಸೋಡಾ, ಇನ್ನೊಂದು ಕಡೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಸೋಡಾ ಜಿಡ್ಡು ಬಿಡಿಸುತ್ತೆ, ಪೆರಾಕ್ಸೈಡ್ ಲೋಳೆಯನ್ನೂ ಬ್ಯಾಕ್ಟೀರಿಯಾವನ್ನೂ ನೋಡಿಕೊಳ್ಳುತ್ತೆ. ನಾನು 100 ಗ್ರಾಂ ನೇರ ಡ್ರಮ್ಮಿಗೇ ಹಾಕ್ತೀನಿ. ಇದಕ್ಕೆ ಬಿಸಿ ಬೇಕು. 40 ಡಿಗ್ರಿಗಿಂತ ಕೆಳಗೆ ತೂಕಡಿಸುತ್ತೆ, 60ಕ್ಕೆ ಎದ್ದು ಕೆಲಸ ಮಾಡುತ್ತೆ.

ಸುಣ್ಣದ ಪದರಕ್ಕೆ ಮಾತ್ರ ಇದು ಸಾಲದು. ಅದಕ್ಕೆ ಸಿಟ್ರಿಕ್ ಆಸಿಡ್. ಕಿರಾಣಾ ಬಜಾರ್‌ನಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡ್ತಾರೆ. ಅದೂ 100 ಗ್ರಾಂ ಆಸುಪಾಸು, ಖಾಲಿ ಮಷೀನ್, ಬಿಸಿ ನೀರು. ಆದರೆ ಬೇರೆ ದಿನ. ಎರಡನ್ನೂ ಒಟ್ಟಿಗೆ ಹಾಕಿದರೆ ಮತ್ತೆ ಅದೇ ಸೋಡಾ ವಿನೆಗರ್ ಕಥೆ. ಬ್ಲೀಚ್ ಹಾಕಿದ ದಿನವಂತೂ ಇದನ್ನು ಮುಟ್ಟಲೇಬೇಡಿ. ನಮ್ಮ ಬೋರ್ ನೀರಿಗೆ ಮೂರು ತಿಂಗಳಿಗೊಮ್ಮೆ ಸಾಕು.

ಭೀಮಾ ದಂಡೆ (ಯಾದಗಿರಿ)

ನೀವೆಲ್ಲ 60, 90 ಅಂತೀರಿ. ನಮ್ಮದು ಸೆಮಿ. ಒಂದು ಕಡೆ ಒಗೆಯೋದು, ಒಂದು ಕಡೆ ಹಿಂಡೋದು. ಅದಕ್ಕೆ ಹೀಟರ್ ಎಲ್ಲಿಂದ ಬರಬೇಕು?

ಆದರೂ ಒಂದು ಉಪಾಯ ಹೇಳ್ತೀನಿ, ನಗಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ನಮ್ಮ ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರು ಕೈ ಇಡೋಕೆ ಆಗಲ್ಲ. ಆಗ ಸ್ನಾನ ಮಾಡೋಕೆ ಬೈಕೋತೀವಿ. ಮಷೀನ್ ತೊಳೆಯೋಕೆ ಅದೇ ಬಂಗಾರ. ತೊಟ್ಟಿ ತುಂಬಿಸಿ, ಪುಡಿ ಹಾಕಿ, ಐದು ನಿಮಿಷ ತಿರುಗಿಸಿ, ಎರಡು ತಾಸು ಹಾಗೇ ಬಿಡ್ತೀನಿ. ನೀರು ಕಾಯಿಸೋಕೆ ಒಂದು ಪೈಸೆ ಕರೆಂಟ್ ಬೇಡ.

ಲ್ಯಾಬ್ ಕೋಟು

ನಗೋದೇನು, ಚೆನ್ನಾಗಿದೆ. ನೀರು 45 ಡಿಗ್ರಿ ದಾಟಿದರೆ ಪರ್‌ಕಾರ್ಬೊನೇಟ್‌ಗೆ ಸಾಕಷ್ಟಾಯಿತು, ಹೊತ್ತು ಸ್ವಲ್ಪ ಜಾಸ್ತಿ ಕೊಡಬೇಕು. ಬೀದರ್‌ನವರೂ ಇದನ್ನೇ ಮಾಡಬಹುದು. ಮಳೆಗಾಲದಲ್ಲಾದರೆ ಗೀಸರ್‌ನಿಂದ ಎರಡು ಮೂರು ಬಕೆಟ್ ಬಿಸಿ ನೀರು ಹಾಕಿ. ಕುದಿಯೋ ನೀರು ಬೇಡ, ತೊಟ್ಟಿ ಪ್ಲಾಸ್ಟಿಕ್.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಯಾದಗಿರಿ ಅಣ್ಣಾ, ಸೆಮಿಯಲ್ಲಿ ಇನ್ನೊಂದು ನೋಡಿ. ನೀರು ಬಿಡೋ ಪೈಪು ನೆಲದ ಮೇಲೆ ಇಳಿಜಾರಾಗಿ ಮಲಗಿದೆಯಾ? ಹೆಚ್ಚಿನ ಸೆಮಿಗಳಲ್ಲಿ ನೀರು ಎತ್ತೋ ಪಂಪ್ ಇರಲ್ಲ, ನೀರು ತಾನಾಗೇ ಇಳಿಯಬೇಕು. ಪೈಪು ಹೊಸ್ತಿಲು ಹತ್ತಿ ಇಳಿದರೆ ಅಷ್ಟು ನೀರು ಒಳಗೇ ಉಳಿಯುತ್ತೆ.

ಭೀಮಾ ದಂಡೆ (ಯಾದಗಿರಿ)

ಹೌದ್ರಿ! ಬಚ್ಚಲ ಕಟ್ಟೆ ಹತ್ತಿಸಿ ಇಳಿಸಿದ್ದೀವಿ. ನಾಲ್ಕು ಬೆರಳು ಎತ್ತರ ಅದೆ. ಮಷೀನ್ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಆಗುತ್ತಾ?

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಇಟ್ಟಿಗೆ ಬೇಡ, ಹಿಂಡುವಾಗ ಮಷೀನ್ ಕುಣಿದು ಕೆಳಗೆ ಬೀಳುತ್ತೆ. ಕಬ್ಬಿಣದ ಸ್ಟ್ಯಾಂಡ್ ಸಿಗುತ್ತೆ, ಅದರ ಮೇಲೆ ಕೂರಿಸಿ.

ಜೋಳದ ರೊಟ್ಟಿ

ನಡುವೆ ಬಂದೆ, ಕ್ಷಮಿಸಿ. ಮಷೀನಲ್ಲಿ ಕೌದಿ ಒಗೀತೀರಾ ಯಾರಾದರೂ? ನಮ್ಮ ಅತ್ತೆ ಹಳೇ ಸೀರೆಯಲ್ಲಿ ಹೊಲಿದ ಐದು ಪದರದ ಕೌದಿ ಹಾಕಿದ್ದೆ. ಮಷೀನ್ ಅಡುಗೆಮನೆ ತನಕ ನಡಕೊಂಡು ಬಂತು. ಆಮೇಲೆ ಒಂದು ವಾರ ಮಣ್ಣಿನ ವಾಸನೆ.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಅಕ್ಕಾ, ಕೌದಿ ನೀರು ಕುಡಿದರೆ ಎಷ್ಟು ತೂಕ ಆಗುತ್ತೆ ಎತ್ತಿ ನೋಡಿದ್ದೀರಲ್ಲ. ಒಂದೇ ಕಡೆ ಮುದ್ದೆ ಆಗಿ ಕೂರುತ್ತೆ, ಬೇರಿಂಗ್ ಹೋಗುತ್ತೆ. ಒಳಗಿನ ಪದರದ ಮಣ್ಣು ಬಿಡೋದೂ ಇಲ್ಲ. ಕೌದಿಗೆ ಒಗೆಯೋ ಕಲ್ಲೇ ಸರಿ.

ಪುಟ್ಟಿ ಅಮ್ಮ

ಎಲ್ಲರೂ ಬಾಗಿಲು ತೆಗೆದಿಡಿ ಅಂತೀರಿ. ನಮ್ಮನೇಲಿ ಎರಡು ವರ್ಷದ ಮಗು ಇದೆ. ಡ್ರಮ್ ಒಳಗೆ ತಲೆ ಹಾಕಿ "ಕುಕ್ಕೂ" ಅಂತ ಕೂಗಿ ಆಡುತ್ತೆ. ಒಳಗೆ ಹತ್ತಿ ಬಾಗಿಲು ಹಾಕಿಕೊಂಡರೆ ಏನು ಗತಿ? ನನಗೆ ವಾಸನೆ ಇದ್ದರೂ ಪರವಾಗಿಲ್ಲ.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ನಿಮ್ಮ ಮಾತು ಸರಿ, ಸಣ್ಣ ಮಕ್ಕಳಿದ್ದ ಮನೆಯಲ್ಲಿ ಬಾಗಿಲು ಹಾಗೇ ಬಿಡಬೇಡಿ. ಒಣ ಬಟ್ಟೆಯಲ್ಲಿ ರಬ್ಬರ್, ಗಾಜು, ಡ್ರಮ್ ಒರೆಸಿ. ಮಗು ಮಲಗಿದ ಹೊತ್ತು ಎರಡು ಮೂರು ತಾಸು ತೆಗೆದಿಟ್ಟು, ಎದ್ದ ಮೇಲೆ ಮುಚ್ಚಿ. ಮಷೀನ್ ಇಟ್ಟಿರೋ ಯುಟಿಲಿಟಿ ಜಾಗಕ್ಕೆ ಬಾಗಿಲಿದ್ದರೆ ಅದಕ್ಕೆ ಮೇಲೆ ಚಿಲಕ ಹಾಕಿಸಿ. ಡ್ರಾಯರ್ ಮಾತ್ರ ಯಾವಾಗಲೂ ಎಳೆದೇ ಇರಲಿ. ನಮ್ಮೂರ ಒಣ ಗಾಳಿಗೆ ಅಷ್ಟೇ ಹೊತ್ತು ಸಾಕು, ಮಳೆಗಾಲ ಬಿಟ್ಟರೆ.

ಬಿಸಿಲೂರು

ಹಲ್ಲಿಗೆ ನನ್ನ ಹತ್ತಿರ ಉಪಾಯ ಇದೆ, ಈ ಸಲ ವಿಡಿಯೋದಲ್ಲಿ ನೋಡಿದ್ದಲ್ಲ. ಹರಿದ ಸೊಳ್ಳೆ ಪರದೆ ದುಂಡಗೆ ಕತ್ತರಿಸಿ ಸುತ್ತ ಇಲಾಸ್ಟಿಕ್ ಹೊಲಿದು, ಮಷೀನ್ ಬಾಯಿಗೆ ತಲೆಗೆ ಟೋಪಿ ಹಾಕಿದಂಗೆ ಹಾಕ್ತೀವಿ. ಗಾಳಿ ಆಡುತ್ತೆ, ಹಲ್ಲಿ, ಜಿರಳೆ ಹೋಗಲ್ಲ. ಟೇಲರ್ ಹತ್ತು ನಿಮಿಷದಲ್ಲಿ ಮಾಡಿಕೊಟ್ಟ.

ತೊಗರಿಬೇಳೆ (ಕಲಬುರಗಿ)

ಎರಡು ವಾರ ಆಯ್ತು, ಬಂದು ಹೇಳ್ತಿದ್ದೀನಿ.

ಮೊದಲು ಪರ್‌ಕಾರ್ಬೊನೇಟ್ ಹಾಕಿ 90ಕ್ಕೆ ಓಡಿಸಿದೆ. ಗಾಜಿನ ಬಾಗಿಲಿಗೆ ಕಣ್ಣಿಟ್ಟು ಕೂತಿದ್ದೆ. ಅರ್ಧ ತಾಸಿಗೆ ನೀರು ಚಹಾ ಬಣ್ಣಕ್ಕೆ ತಿರುಗಿತು. ಬೂದು ಚೂರುಗಳು ಒದ್ದೆ ಕಾಗದದ ಹಾಗೆ ಗಾಜಿಗೆ ಬಂದು ಅಂಟಿ ಮತ್ತೆ ಹೋಗುತ್ತಿದ್ದವು. ಮುಗಿದ ಮೇಲೆ ಫಿಲ್ಟರ್ ಮತ್ತೆ ತೆಗೆದೆ, ಒಂದು ಚಮಚ ಗಸಿ. ಮೂರು ದಿನ ಬಿಟ್ಟು ಇನ್ನೊಂದು ಸಲ ಓಡಿಸಿದೆ, ಆ ಸಲ ನೀರು ತಿಳಿ ಇತ್ತು.

ಟವೆಲ್‌ಗಳನ್ನು ಬೇರೆ ತೆಗೆದು ಬಿಸಿ ನೀರಲ್ಲಿ ಅದೇ ಪುಡಿ ಹಾಕಿ ನೆನೆಸಿ, 60ಕ್ಕೆ ಒಗೆದೆ. ಈಗ ಮುಖಕ್ಕೆ ಹಿಡಿಯಬಹುದು. ಪುಡಿ ಮಷೀನ್‌ದೇ ತಂದೆ, ಅಳತೆ ಪ್ಯಾಕೆಟ್ ಮೇಲಿದ್ದಷ್ಟೇ. ಕ್ವಿಕ್ ವಾಶ್ ಬಿಟ್ಟೆ. ಬಿಸಿಲೂರು ಅವರ ಟೋಪಿ ಹೊಲಿಸಿದೆ, ಥ್ಯಾಂಕ್ಸ್ ತಮ್ಮಾ.

ಬಾಗಿಲು ತೆಗೆದರೆ ಗೋಣಿಚೀಲ ಇಲ್ಲ. ಆದರೆ ಒಂದು ವಿಚಿತ್ರ. ಮದುವೆಗೆ ಆಳಂದಕ್ಕೆ ಹೋಗಿ ಐದು ದಿನ ಬಿಟ್ಟು ಬಂದರೆ, ಯುಟಿಲಿಟಿಯಲ್ಲೇ ಕೆಟ್ಟ ನಾತ. ಇದು ಬೇರೆ ಥರ, ಕೊಳೆತ ಮೊಟ್ಟೆ ಹಾಗೆ. ಡ್ರಮ್ ಒಳಗೂ ಅದೇ. ಅಳು ಬರೋದೊಂದು ಬಾಕಿ.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಅಳಬೇಡಿ, ಇದು ಮಷೀನ್‌ದಲ್ಲ. ಮಷೀನಿನ ನೀರು ಹೊರಗೆ ಹೋಗೋ ಪೈಪು ಎಲ್ಲಿದೆ? ನೆಲದ ಜಾಲರಿ ಒಳಗೆ ಆಳಕ್ಕೆ ತುರುಕಿದ್ದಾರಾ?

ತೊಗರಿಬೇಳೆ (ಕಲಬುರಗಿ)

ಹೌದು ಅಣ್ಣಾ. ಫಿಟ್ ಮಾಡಲು ಬಂದವರೇ ಮೊಳದುದ್ದ ಒಳಗೆ ತಳ್ಳಿ ಸುತ್ತ ಬಟ್ಟೆ ಗಿಡಿದು ಹೋದರು. ನೀರು ಚೆಲ್ಲಬಾರದು ಅಂತ.

ಸ್ಕ್ರೂಡ್ರೈವರ್ (ಗಂಜ್ ಹತ್ತಿರ)

ಅದೇ. ಜಾಲರಿ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತೆ. ಅದರಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಗಟಾರದ ಗಾಳಿ ಮೇಲೆ ಬರದ ಹಾಗೆ ತಡೆಯೋದು ಆ ನೀರೇ. ನಮ್ಮೂರ ಸೆಖೆಗೆ ಕೆಲ ದಿನ ಬಳಸದಿದ್ದರೆ ಆ ನೀರು ಆರಿಹೋಗಬಹುದು. ಗಾಳಿ ನೇರ ಮೇಲೆ, ನಿಮ್ಮ ಪೈಪಿನ ಒಳಗೆ, ಅಲ್ಲಿಂದ ಮಷೀನಿಗೆ. ಮೇಲಾಗಿ ಪೈಪಿನ ತುದಿ ಗಟಾರದ ನೀರಲ್ಲಿ ಮುಳುಗಿದ್ದರೆ ಆ ನೀರನ್ನೇ ವಾಪಸ್ ಎಳೆಯಲೂಬಹುದು.

ಈಗ ಎರಡು ಮಗ್ ನೀರು ಜಾಲರಿಗೆ ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ಪೈಪು ಮೇಲಕ್ಕೆ ಎಳೆದು ತುದಿ ನಾಲ್ಕು ಬೆರಳು ಒಳಗಿದ್ದರೆ ಸಾಕು, ಸುತ್ತ ಗಾಳಿಗೆ ಜಾಗ ಬಿಡಿ. ಪೈಪು ನಡುವೆ ಸೊಂಟದೆತ್ತರಕ್ಕೆ ಹೋಗಿ ಇಳಿಯಬೇಕು. ಮಷೀನ್ ಹಿಂದೆ ಅದಕ್ಕೇ ಕೊಕ್ಕೆ ಕೊಟ್ಟಿರ್ತಾರೆ.

ತೊಗರಿಬೇಳೆ (ಕಲಬುರಗಿ)

ಎರಡೇ ಮಗ್ ನೀರು. ಹೋಯ್ತು! ನಾಲ್ಕು ತಿಂಗಳು ಮಷೀನ್ ಬೈದದ್ದು, ಅರ್ಧ ಬೈಗುಳ ಜಾಲರಿಗೆ ಸೇರಬೇಕಿತ್ತು. ಊರಿಗೆ ಹೋಗುವಾಗ ಪಕ್ಕದ ಮನೆ ಕಾಕುಗೆ ತುಳಸಿಗೆ ನೀರು ಹಾಕಿ ಅಂತ ಬೀಗದ ಕೈ ಕೊಡ್ತೀನಿ, ಇನ್ನು ಜಾಲರಿಗೂ ಒಂದು ಚೊಂಬು ಅಂತ ಹೇಳಬೇಕು.

ಕೋಟೆ ಬೀದರ್

ನಾನೂ ಪಲ್ಸೇಟರ್ ತೆಗೆಸಿದೆ, ಪಕ್ಕದಲ್ಲೇ ನಿಂತಿದ್ದೆ. ಅಡಿಯಲ್ಲಿ ಗಟ್ಟಿ ಗಂಜಿ ಹಾಗೆ ಬೆರಳು ದಪ್ಪ ಪುಡಿಯ ಪದರ. ಮೆಕ್ಯಾನಿಕ್ ಸುಮ್ನೆ ನನ್ನ ಮುಖ ನೋಡಿದ. ಪಕ್ಕದಲ್ಲಿ ನಿಲ್ಲಿ ಅಂದದ್ದು ಯಾಕೆ ಅಂತ ಈಗ ತಿಳೀತು ಅಣ್ಣಾ.

ತೊಗರಿಬೇಳೆ (ಕಲಬುರಗಿ)

ಒಂದು ಕೊನೇ ಪ್ರಶ್ನೆ, ಸರ್‌ಗೆ. ನಿನ್ನೆ ನಿಂಬೆ ಉಪ್ಪು ಹಾಕಿ ಓಡಿಸಿದೆ. ಡ್ರಮ್ ಕನ್ನಡಿ ಹಾಗೆ ಹೊಳೀತಿದೆ. ಆದರೆ ಮೊದಲು ಮಗ್‌ನಲ್ಲಿ ಕಲಸಿದ ನೀರು ಒಂಚೂರು ನೆಲಕ್ಕೆ ಚೆಲ್ಲಿತ್ತು. ಒರೆಸಲು ಮರೆತೆ. ಪಾಲಿಶ್ ಮಾಡಿಸಿದ ಶಾಬಾದಿ ಫರ್ಸಿ. ಈಗ ಅಲ್ಲಿ ತಟ್ಟೆ ಅಗಲದ ಬಿಳಿ ಮಚ್ಚೆ, ಎಷ್ಟು ಉಜ್ಜಿದರೂ ಹೋಗ್ತಿಲ್ಲ.

ಲ್ಯಾಬ್ ಕೋಟು

ಅಯ್ಯೋ ತಂಗೀ, ತಪ್ಪು ನನ್ನದೇ. ಫರ್ಸಿಯೂ ಸುಣ್ಣದ ಕಲ್ಲೇ ಅಂತ ನಾನೇ ಬರೆದು, ಚೆಲ್ಲಬೇಡಿ ಅನ್ನೋದನ್ನು ಬಿಟ್ಟೆ. ಸುಣ್ಣ ಕರಗಿಸೋ ಆಮ್ಲ ಡ್ರಮ್ಮಿನ ಸುಣ್ಣ, ನೆಲದ ಸುಣ್ಣ ಅಂತ ಭೇದ ಮಾಡಲ್ಲ. ಅದು ಕಲೆ ಅಲ್ಲ, ಕಲ್ಲಿನ ಮೇಲ್ಮೈಯನ್ನೇ ತಿಂದಿದೆ. ಉಜ್ಜಿದರೆ ಹೋಗಲ್ಲ, ಪಾಲಿಶ್‌ನವರೇ ಬರಬೇಕು. ವಿನೆಗರ್, ಬಾತ್‌ರೂಮ್ ಆಸಿಡ್ ಚೆಲ್ಲಿದರೂ ಹೀಗೇ ಆಗುತ್ತೆ. ಇನ್ನು ಮುಂದೆ ಪುಡಿ ಒಣಗಿದ್ದನ್ನೇ ಡ್ರಮ್ಮಿಗೆ ಹಾಕಿ. ಕೆಳಗೆ ಬಿದ್ದರೆ ಕೂಡಲೇ ನೀರು ಸುರಿದು ತೊಳೀರಿ.

ತೊಗರಿಬೇಳೆ (ಕಲಬುರಗಿ)

ಪರವಾಗಿಲ್ಲ ಸರ್, ಸದ್ಯಕ್ಕೆ ಅದರ ಮೇಲೆ ಬಟ್ಟೆ ಬುಟ್ಟಿ ಇಟ್ಟಿದ್ದೀನಿ. ಮಾವನವರು ಇನ್ನೂ ನೋಡಿಲ್ಲ.